ಬತ್ತಿ ನಂದಿದರೆ

ಕುಂಬಳೆಯ ಡಯಾಲಿಸಿಸ್ ಕೋಣೆಯಲ್ಲಿ
ಮೂರನೆಯ ಕುರ್ಚಿ ಐತಪ್ಪ ಮಣಿಯಾಣಿಯವರದು.
ಮಂಗಳವಾರ, ಶುಕ್ರವಾರ.
ಅರುವತ್ತೆರಡು ಸುರಂಗ ಕೊರೆದು ನೀರು ತಂದ ಕೈಗೆ
ಈಗ ದಿನಕ್ಕೆ ಮೂರು ಲೋಟ, ಗಂಜಿಯ ತಿಳಿಯೂ ಸೇರಿ.
ಸೂಜಿ ಚುಚ್ಚುವ ಮೊದಲು ಎಡಗೈಯ ಉಬ್ಬಿದ ನರಕ್ಕೆ
ಕಿವಿ ಕೊಟ್ಟು ಹೇಳುತ್ತಾರೆ: "ಒರತೆ ಉಂಟು."

ಬಾಯಾರಿನ ಗುಡ್ಡಗಳ ಹೊಟ್ಟೆ ಇವರಿಗೆ ಗೊತ್ತು.
ಒಬ್ಬ ಆಳು ಬಗ್ಗಿ ನುಸುಳುವಷ್ಟೇ ದಾರಿ,
ಮುಂದೆ ಪಿಕ್ಕಾಸು, ಹಿಂದೆ ಮಣ್ಣು ಹೊರುವ ತಮ್ಮ,
ಗೋಡೆಯ ಗೂಡಿನಲ್ಲಿ ಒಂದು ಮೇಣದ ಬತ್ತಿ.
"ಅದು ಬೆಳಕಿಗಲ್ಲ ಮಾರಾಯ್ತಿ.
ಕಣ್ಣು ಕತ್ತಲೆಗೆ ಒಗ್ಗುತ್ತದೆ, ಎದೆ ಒಗ್ಗುವುದಿಲ್ಲ.
ಬತ್ತಿ ಕುಗ್ಗಿತೋ,
ಪಿಕ್ಕಾಸು ಅಲ್ಲೇ ಬಿಟ್ಟು ಹಿಂದೆ ಸರಿಯಬೇಕು."

ಈ ಸಲ ರಕ್ತದ ಚೀಟಿ ಏಳು ಎಂದಿತು.
ಡಾಕ್ಟರು ಇಂಜೆಕ್ಷನ್ ಬಿಡಿಸಿ ಹೊಸ ಗುಳಿಗೆ ಬರೆದರು.
"ಇದು ಎಂತ ಮಾಡುತ್ತದೆ?"
ನಾಲ್ಕು ಗಂಟೆ ಇತ್ತು. ನಾನು ಹೇಳಿದೆ:

ನಿಮ್ಮ ಒಂದೊಂದು ಜೀವಕೋಶದಲ್ಲೂ ಒಂದು ಬತ್ತಿ ಇದೆ.
ಹೆಸರು ಕಿಣ್ವ. ಅದರ ಮಡಿಲಲ್ಲಿ ಒಂದು ಕಣ ಕಬ್ಬಿಣ,
ನಮ್ಮ ಮುರಕಲ್ಲನ್ನು ಕೆಂಪಾಗಿಸಿದ್ದೇ ಅದು.
ಪಕ್ಕದಲ್ಲೇ ಒಂದು ಪ್ರೋಟೀನು ಹುಟ್ಟುತ್ತಲೇ ಇರುತ್ತದೆ,
ಕೂಗಲೆಂದೇ ಹುಟ್ಟಿದ ಹುಡುಗನ ಹಾಗೆ:
ಉಸಿರಿಲ್ಲ, ರಕ್ತ ಕಳಿಸಿ!
ಗಾಳಿ ಇದ್ದಾಗ ಕಿಣ್ವ ಅವನನ್ನು ಹಿಡಿದು ನಿಲ್ಲಿಸುತ್ತದೆ,
ಆಮ್ಲಜನಕದ ಜೋಡಿಯನ್ನು ಮುರಿದು ಒಂದು ಪಾಲನ್ನು
ಅವನ ಮೈಯ ಪ್ರೋಲೀನಿನ ಮಡಿಕೆಗೆ
ಬೊಟ್ಟಾಗಿ ಇಡುತ್ತದೆ.
(ಇನ್ನೊಂದು ಪಾಲು ಎಲ್ಲಿ ಹೋಯಿತೆಂದು
ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.)
ಬೊಟ್ಟು ಬಿದ್ದವನನ್ನು ಕೋಶವೇ ಚೂರು ಮಾಡುತ್ತದೆ.
ಐದು ನಿಮಿಷದ ಆಯುಸ್ಸು.
ಹುಟ್ಟಿಸುವುದು, ಅಳಿಸುವುದು, ಮತ್ತೆ ಹುಟ್ಟಿಸುವುದು.
ಈ ದಂಡದ ಕೆಲಸಕ್ಕೇ ಆರೋಗ್ಯ ಎಂದು ಹೆಸರು.

ಗಾಳಿ ತೆಳುವಾದರೆ ಬೊಟ್ಟಿಡಲು ಏನೂ ಇಲ್ಲ.
ಹುಡುಗ ಉಳಿಯುತ್ತಾನೆ,
ಕೋಶಕೇಂದ್ರದ ಒಳಮನೆಗೆ ಓಡಿ ಕಟ್ಟಿಟ್ಟ ಕಡತ ಬಿಚ್ಚಿಸುತ್ತಾನೆ.
ಮೂತ್ರಪಿಂಡ ಆಗ ಮೂಳೆಯ ಮಜ್ಜೆಗೆ ಹೇಳಿ ಕಳಿಸುತ್ತದೆ:
ಕೆಂಪು ಕಣ ಬೇಕು.
ನಿಮ್ಮದು ಹೇಳಿ ಕಳಿಸುವುದನ್ನು ಮರೆತಿದೆ.

"ಗುಳಿಗೆ?"

ಗುಳಿಗೆ ಹೋಗಿ ಆ ಕಬ್ಬಿಣವನ್ನು ಮುಚ್ಚಿ ಕೂರುತ್ತದೆ.
ಗಾಳಿ ಉಂಟು. ಆದರೂ ಬತ್ತಿ ನಂದಿದ ಹಾಗೆ.

ಯಂತ್ರ ಒಮ್ಮೆ ಕಿರುಚಿತು. ಮಡಚಿದ ಕೊಳವೆ ನೇರ ಮಾಡಿದೆ.
"ಬತ್ತಿಯಿಂದ ಸುಳ್ಳು ಹೇಳಿಸುವುದಾ?
ನನ್ನ ಜನ್ಮದಲ್ಲಿ ಅದೊಂದು ಮಾಡಿದವನಲ್ಲ.
ಶೇಣಿಯ ಕಡೆ ಒಮ್ಮೆ ನಂದಿತು.
ಬತ್ತಿಯೇ ಚಂಡಿಯಾಗಿರಬೇಕು ಎಂದು
ತಮ್ಮ ಬೇರೆ ಹೊತ್ತಿಸಿಕೊಂಡು ಮುಂದೆ ಹೋದ..."

ಮಾತು ಅಲ್ಲಿಗೆ ನಿಂತಿತು.
ಕೊಳವೆಯಲ್ಲಿ ರಕ್ತ ಹೋಗುತ್ತಿತ್ತು, ಬರುತ್ತಿತ್ತು.

ಹೊರಡುವಾಗ ಗುಳಿಗೆಯ ಚೀಟಿಯನ್ನು
ಲುಂಗಿಯ ಮಡಿಕೆಗೆ ಸಿಕ್ಕಿಸಿ ಬಾಗಿಲಲ್ಲಿ ತಿರುಗಿದರು:
"ಇದು ನುಂಗುವ ನೀರು ಆ ಮೂರು ಲೋಟದಲ್ಲೇ ಬಂತಾ?"