ಕೊಟ್ಟ ತುಂಡು

ವಾರವೆಲ್ಲ ಸೊಸೈಟಿಯಲ್ಲಿ ಕರಿಮೆಣಸು ತೂಗುತ್ತೇನೆ,
ಕೈ ಮೂಗಿನ ಹತ್ತಿರ ತಂದರೆ ನನಗೇ ಸೀನು.
ಭಾನುವಾರ ಮಾತ್ರ ಬೆರಳಿಗೆ ಬೇರೆ ಕೆಲಸ:
ಏಳನೇ ನಂಬರಿನ ಸೂಜಿ, ಮೇಣ ಸವರಿದ ನೂಲು,
ಮಡಿಲಲ್ಲಿ ಸುಂಟಿಕೊಪ್ಪದ ಅರ್ಧ ಊರಿನ ಹಳೇ ಬಟ್ಟೆ.

ನಮ್ಮ ಮನೆಯಲ್ಲಿ ಕೌದಿ ಎಂಬ ಮಾತಿರಲಿಲ್ಲ.
ಕಂಬಳಿ ಇತ್ತು, ಮಿಲಿಟರಿ ಕ್ಯಾಂಟೀನಿನ ರಗ್ಗು ಇತ್ತು.
ರೋಣದ ಕಡೆಯ ನಿಂಗವ್ವ, ಕರೆಂಟಿನ ಲೈನ್‌ಮ್ಯಾನ್ ಹೆಂಡತಿ,
ಮೂರು ವರ್ಷ ಪಕ್ಕದ ಬಾಡಿಗೆ ಮನೆಯಲ್ಲಿದ್ದು
ವರ್ಗವಾದಾಗ ಬಿಟ್ಟುಹೋದದ್ದು
ಒಂದು ರೊಟ್ಟಿ ಹಂಚು, ಮತ್ತು ಈ ಚಟ.
‘ಅಂಚಿನಿಂದ ಹಿಡೀರಿ ಅಕ್ಕಾರ, ನಡುವಿಗೆ ಬಂದು ಮುಟ್ರಿ.
ಕಡೀ ತುಂಡು ಮುಚ್ಚೂ ಮುಂದ
ಒಳಗ ಒಂದ್ ಚೂರು ರೊಟ್ಟಿ ಇಡ್ರಿ.
ಹಸದ ಕೌದಿ ಹೊಚಗೊಂಡ್ರ ನಿದ್ದಿ ಹತ್ತೂದಿಲ್ಲ.’

ನಮ್ಮಲ್ಲಿ ರೊಟ್ಟಿ ಎಂದರೆ ಅಕ್ಕಿಯದು.
ಇಟ್ಟೆ. ನಾಲ್ಕನೇ ದಿನ ಇರುವೆ ಬಂತು.
ಆಮೇಲಿನಿಂದ ಒಂದು ಕಾಫಿ ಬೀಜ ಇಡುತ್ತೇನೆ;
ನಿಂಗವ್ವನಿಗೆ ಫೋನಿನಲ್ಲಿ ಇನ್ನೂ ಹೇಳಿಲ್ಲ.
‘ಹೊಟ್ಟೆಗೆ ಕಾಫಿ ಹಾಕಿ ನಿದ್ದೆ ಬರಲಿ ಅಂತೀಯಲ್ಲ’
ಎನ್ನುತ್ತಾರೆ ಇವರು, ಮೊದಲು ಗೊರಕೆ ಹೊಡೆಯುವವರೂ ಇವರೇ.

ಈ ಸಲದ್ದರಲ್ಲಿ ಯಾರ‍್ಯಾರಿದ್ದಾರೆ:
ಟೈಲರ್ ಮೊಯ್ದು ಅಂಗಡಿಯ ಯೂನಿಫಾರಂ ನೀಲಿ,
ಹಾಕಿ ಜೆರ್ಸಿಯ ಹದಿನಾಲ್ಕು, ತಲೆಕೆಳಗಾಗಿ,
ಐರಿನ್ ಸಿಸ್ಟರ್ ಕೊಟ್ಟ ಆಸ್ಪತ್ರೆ ಪರದೆ,
ಮುರಿದ ಕೊಡೆಯ ಕಪ್ಪು. ಅದು ನನ್ನದೇ. ಹೊಲಿಯಬಾರದಿತ್ತು,
ಮಗ್ಗುಲಾದಾಗೆಲ್ಲ ಬರಬರ ಅನ್ನುತ್ತದೆ.

ನಡುವಿಗೆ ದೇಚಕ್ಕ ಕೊಟ್ಟ ಬಾಟಲಿ ಹಸಿರು.
ಒಂದು ಗೇಣು. ಅವಳ ಅಮ್ಮನ ಸೀರೆಯಲ್ಲಿ
ಬೆನ್ನ ಹಿಂದೆ ಬೀಳುವ ನೆರಿಗೆಯ ಭಾಗ,
ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಕಚ್ಚಿದ ಕಂದು ಗುರುತು.
‘ತಗೋ ಮಾರಾಯ್ತಿ, ಜಿರಲೆ ತಿನ್ನುವುದಕ್ಕಿಂತ ಮೇಲು’
ಎಂದು ನನ್ನ ಮಡಿಲಿಗೆ ಎಸೆದಿದ್ದಳು,
ಕೊಟ್ಟ ಹಾಗಲ್ಲ, ಕೊಡವಿಕೊಂಡ ಹಾಗೆ.

ಫೆಬ್ರವರಿಯಲ್ಲಿ ಕಣದ ಮೇಲೆ
ಒಣಗುವ ಕಾಫಿಯ ಪಕ್ಕ ಕೌದಿ ಹರಡಿದೆ.
ಎಲ್ಲರೂ ಬಂದು ತಮ್ಮ ತಮ್ಮ ಬಟ್ಟೆ ಹುಡುಕಿದರು.
‘ಇದು ನಮ್ಮ ಚಿಕ್ಕವನ ಚಡ್ಡಿಯಲ್ಲವಾ!’
ನಬೀಸಾ ನಕ್ಕು ನಕ್ಕು ಕೂತೇ ಬಿಟ್ಟಳು.
ದೇಚಕ್ಕ ನಗಲಿಲ್ಲ.
ಬಗ್ಗಿ ನಡುವಿನ ಮೇಲೆ ಅಂಗೈ ಇಟ್ಟಳು,
ಮಗುವಿಗೆ ಜ್ವರ ಇದೆಯಾ ಎಂದು ನೋಡುವಂತೆ.

ಮೂರು ಭಾನುವಾರ ಕಳೆದು ಬಂದಳು,
ಕೈಯಲ್ಲಿ ಹಂದಿ ಉಪ್ಪಿನಕಾಯಿಯ ಬಾಟಲಿ.
ಮೆಣಸಿನ ರೇಟು ಕೇಳಿದಳು. ರೇಟು ಅವಳಿಗೆ ಗೊತ್ತಿತ್ತು.
ಎದುರು ಮನೆಯ ನಾಯಿಯನ್ನು ಬೈದಳು.
ಲೋಟ ಖಾಲಿಯಾದ ಮೇಲೂ ಒಮ್ಮೆ ಎತ್ತಿ ಕುಡಿದಳು.
‘ಆ ತುಂಡು...’ ಎಂದಳು.
‘ಕೊಟ್ಟದ್ದನ್ನು ಕೇಳಬಾರದು, ಗೊತ್ತು.’

ಸೊಸೈಟಿಯಲ್ಲಾದರೆ ನನ್ನ ಉತ್ತರ ಸಿದ್ಧ:
ತೂಕ ಬರೆದಾಯಿತು, ಇನ್ನು ತಿದ್ದುವ ಹಾಗಿಲ್ಲ.
ಎದ್ದು ಬ್ಲೇಡು ತಂದೆ.
ನೂರಾ ಹನ್ನೆರಡು ಹೊಲಿಗೆ.
ಹಾಕಿದ್ದಕ್ಕಿಂತ ಬಿಚ್ಚುವುದೇ ಹೊತ್ತು ಹಿಡಿಯಿತು,
ಅವಳು ಪಕ್ಕ ಕೂತು ನೂಲಿನ ಚೂರು ಹೆಕ್ಕುತ್ತಿದ್ದಳು.
ಕೊನೆಯ ಮೂಲೆ ಬಿಟ್ಟಾಗ ಕಾಫಿ ಬೀಜ ಹಾರಿ
ಎಲ್ಲೋ ಮಂಚದ ಕೆಳಗೆ ಹೋಯಿತು.

ಹಸಿರಿನ ಸುತ್ತ ಸೂಜಿ ತೂತುಗಳ ಸಾಲು.
ನೋಡಿ ನನಗೇ ನಾಚಿಕೆಯಾಯಿತು.
‘ಇಸ್ತ್ರಿ ಹಾಕಿ ಕೊಡಲಾ? ಮುಚ್ಚಿಕೊಳ್ಳುತ್ತೆ.’
‘ಬೇಡ!’
ಹೊರಗೆ ಮಲಗಿದ್ದ ನಾಯಿ ಎದ್ದು ನಿಂತಿತು.
‘ಇಸ್ತ್ರಿ ಬೇಡ’ ಎಂದಳು ಮತ್ತೆ, ಮೆಲ್ಲಗೆ,
ಕಂದು ಗುರುತನ್ನು ಹೆಬ್ಬೆರಳಿನಲ್ಲಿ ಮುಚ್ಚಿ.

ನಾನು ಕೇಳಲಿಲ್ಲ.

ಕೌದಿಗೆ ನಡುವೆ ಈಗ ಒಂದು ಚೌಕ ಬಯಲು.
‘ಹೊಗೆ ಹೋಗಲು ಕಿಟಕಿಯೋ?’ ಇವರ ಪ್ರಶ್ನೆ.
ಬುಟ್ಟಿಯಲ್ಲಿ ತುಂಡುಗಳೇನೋ ಇವೆ,
ಇಟ್ಟು ನೋಡುತ್ತೇನೆ, ತೆಗೆಯುತ್ತೇನೆ.
ರಾತ್ರಿ ನಿದ್ದೆಗಣ್ಣಿನಲ್ಲಿ ಬೆರಳು ಅಲ್ಲಿಗೇ ಹೋಗಿ
ಒಳಗಿನ ಹಳೇ ಪಂಚೆಯ ಮೆತ್ತಗೆಯನ್ನು ಮುಟ್ಟುತ್ತದೆ.

ಬುಧವಾರ ಗುಡಿಸುವಾಗ ಬೀಜ ಸಿಕ್ಕಿತು.
ಎಲ್ಲಿಡುವುದೆಂದು ತಿಳಿಯದೆ
ನೂಲಿನ ಡಬ್ಬಿಗೆ ಹಾಕಿದೆ, ಗುಂಡಿಗಳ ಜೊತೆ.