ವಿದ್ಯುದೃಣ

ಪೋಸೊ ಆಲ್ಮೊಂತೆಯ ಶಾಲೆಯಲ್ಲಿ
ಗಾಜು ತೊಳೆಯುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷ.
ಕಿಟಕಿಯಾಚೆ ಅಟಕಾಮಾ, ಕಣ್ಣು ಹರಿದಷ್ಟೂ
ಒಂದು ಹಸಿರು ಗೀಟಿಲ್ಲದ ಬಯಲು.
ಒಳಗೆ ನಲ್ಲಿಯ ಮುಂದೆ ನಾನು,
ಅಳೆದು ಬಿಡುವ ನೀರು.

ಮಂಗಳವಾರ ಹ್ಯಾಲೋಜನ್‌ಗಳ ಪಾಠ.
ಎದೆಲ್ಮಿರಾ ಮೇಡಂ ಹಲಗೆಯ ಮೇಲೆ
ನಾಲ್ಕು ಹೆಸರು ಮೇಲಿಂದ ಕೆಳಕ್ಕೆ ಬರೆದು
ಪಕ್ಕದಲ್ಲಿ ಅಂಕಿ ಹಾಕಿದರು:
ನಾಲ್ಕಕ್ಕೆ ಕೂದಲೆಳೆ ಕಡಿಮೆ, ಮೂರಕ್ಕೆ ಚೂರು ಜಾಸ್ತಿ,
ಮೂರಕ್ಕೆ ಚೂರು ಕಡಿಮೆ,
ಕೊನೆಯವನದು ಎರಡೂವರೆ ಚಿಲ್ಲರೆ.
"ಇದು ವಿದ್ಯುದೃಣತೆ. ಹಂಚಿಕೊಂಡ ಎಲೆಕ್ಟ್ರಾನುಗಳನ್ನು
ತನ್ನ ಕಡೆಗೇ ಎಳೆದುಕೊಳ್ಳುವ ಹಟ."
ನನ್ನ ಕಿವಿಗೆ ನಿಂತದ್ದು
ಅದರಲ್ಲಿ ಒಂದೇ ತುಂಡು: ಋಣ.

ಫ್ಲೋರಿನ್ ಈ ಕೋಣೆಗೆ ಬರುವುದಿಲ್ಲ.
ಗಾಜನ್ನೇ ತಿನ್ನುವವನನ್ನು ಯಾವ ಶೀಸೆಯಲ್ಲಿ ಕರೆತರುವುದು?
ಗಣಿಯ ಮಾಲೀಕರ ಹಾಗೆ
ಕಂಡವರಿಲ್ಲ, ಹೆದರದವರಿಲ್ಲ.

ಬಂದವನು ಕ್ಲೋರಿನ್, ನೀರಲ್ಲಿ ಕರಗಿ,
ಈಜುಕೊಳದ ವಾಸನೆ ಹೊತ್ತು.
ನೆಹೆಮಿಯಾಸ್ ಹತ್ತು ಹನಿ ಬಿಟ್ಟ.
ಬ್ರೋಮೈಡಿನ ಕೊಳವೆ ಹಳದಿಗೆ ತಿರುಗಿತು.
ಅದುವರೆಗೆ ಬರಿ ನೀರಿನಂತಿದ್ದ ಅಯೋಡೈಡು
ಹಾಲು ಹಾಕದ ಚಹಾ ಆಯಿತು.
ಸೈಕ್ಲೋಹೆಕ್ಸೇನ್ ಸುರಿದು, ಕುಲುಕಿ, ನಿಲ್ಲಿಸಿದರೆ
ಮೇಲೆ ಬೆರಳಗಲ ನೇರಳೆ.
ಓ! ಎಂದಿತು ತರಗತಿ.
ಆ ಓ ಒಂದು ವರ್ಷವೂ ತಪ್ಪಿಲ್ಲ.

ಕಸಿದವನ ಬಣ್ಣ ಹೋಯಿತು,
ಕಳೆದುಕೊಂಡವನಿಗೆ ಬಂತು.
ಇದನ್ನು ಯಾರೂ ವಹಿಯಲ್ಲಿ ಬರೆಯಲಿಲ್ಲ.

"ಮೇಡಂ, ಎಲ್ಲರಿಗಿಂತ ಜೋರಾಗಿ ಎಳೆಯುವವನಿಗೆ
ಸಿಕ್ಕಾಗ ಎಲ್ಲರಿಗಿಂತ ಖುಷಿಯೇ?"
ನೆಹೆಮಿಯಾಸನ ಪ್ರಶ್ನೆಗಳು ಹೀಗೇ, ಗಂಟೆ ಹೊಡೆಯುವ ಹೊತ್ತಿಗೆ.
ಮೇಡಂ ಸೀಮೆಸುಣ್ಣ ಕೆಳಗಿಟ್ಟರು.
"ಇಲ್ಲ ಕಣೋ. ಒಂಟಿ ಪರಮಾಣುವಿಗೆ ಒಂದು ಎಲೆಕ್ಟ್ರಾನ್ ಕೊಟ್ಟು ನೋಡು,
ಹೆಚ್ಚು ಶಕ್ತಿ ಬಿಡುವವನು ಕ್ಲೋರಿನ್.
ಫ್ಲೋರಿನ್ ತೀರ ಚಿಕ್ಕವನು, ಒಳಗೆಲ್ಲ ಇಕ್ಕಟ್ಟು.
ಎಳೆದು ತಂದವರನ್ನು ಕೂರಿಸಲು ಜಾಗವಿಲ್ಲ."

ಕೊನೆಯ ಕೊಳವೆ: ಕ್ಲೋರೈಡಿಗೆ ಅಯೋಡಿನ್.
ಯಾಸ್ನಾ ಬಗ್ಗಿ ನೋಡಿದಳು, ಕಾದಳು, ಮತ್ತೆ ಕುಲುಕಿದಳು.
ಕಂದು ಕಂದಾಗಿಯೇ ಉಳಿಯಿತು.
"ಏನೂ ಆಗಲಿಲ್ಲ."
"ಹಾಗೆಂದೇ ಬರಿ. ಆಗದಿರುವುದೂ ಉತ್ತರವೇ."
ಅವಳಪ್ಪ ಅಯೋಡಿನ್ ಕಾರ್ಖಾನೆಯ ಗೇಟಿನಲ್ಲಿ
ಕಾಯಂ ಮಾಡಿ ಎಂಬ ಅರ್ಜಿ ಹಿಡಿದು ಮೂರು ತಿಂಗಳಾಯಿತು.
ಹುಡುಗಿ ಬರೆದಳು, ಹಿಂದಿನ ಹಾಳೆಯಲ್ಲೂ ಮೂಡುವಷ್ಟು
ಪೆನ್ನು ಒತ್ತಿ.

ಎಲ್ಲ ಹೋದ ಮೇಲೆ ಕೊಳವೆಗಳು ನನ್ನವು.
ನೇರಳೆಯನ್ನು ತ್ಯಾಜ್ಯದ ಬಾಟಲಿಗೆ ಬಗ್ಗಿಸಿ
ಉಳಿದ ಕಂದಿಗೆ ಥಯೋಸಲ್ಫೇಟಿನ ನೀರು.
ಹೊಡೆದಾಡುವುದಿಲ್ಲ ಈ ಉಪ್ಪು. ಕಳೆದುಹೋದ ಎಲೆಕ್ಟ್ರಾನನ್ನು
ತನ್ನ ಗಂಟಿನಿಂದ ತೆಗೆದು ಅಯೋಡಿನ್ ಕೈಗಿಡುತ್ತದೆ, ಅಷ್ಟೆ.
ಕಲೆ ಮಾಯ. ಗಾಜು ಗಾಜಾಗುತ್ತದೆ.

ಒಮ್ಮೆ ಚೀಟಿಯಲ್ಲಿ ನಾಲ್ಕು ಹರಳು ಮಡಚಿಕೊಂಡು
ಮನೆಗೆ ಒಯ್ದಿದ್ದೆ. ಫೆರ್ಮಿನ್ ಆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ;
ಹತ್ತು ಉಗುರೂ ಕಂದು.
ಬಟ್ಟಲಲ್ಲಿ ಕರಗಿಸಿ, ಅದ್ದು ಎಂದೆ.
ಬೆರಳುಗಳನ್ನು ದೀಪಕ್ಕೆ ಹಿಡಿದು ಅತ್ತ ಇತ್ತ ತಿರುಗಿಸಿದ.
"ಇರಲಿ ಬಿಡೇ, ಇಷ್ಟಾದರೂ ಕಾಣಲಿ" ಎಂದು
ಕೈ ಹಿಂದಕ್ಕೆ ಎಳೆದುಕೊಂಡ.