ಲಟ್ಟಿಸುವ ಹಲಗೆ

ಟೂ-ಅಶೂ ಸುರಂಗ ದಾಟಿ
ಸೂಸಾಮಿರಿನ ಬಯಲಿಗೆ ಇಳಿಯುತ್ತಿದ್ದಂತೆ
ಕಾರಿಗೆ ಹಿಂದಿನ ಎಡಗಾಲು ಕುಂಟಿತು.
ಮೊದಲು ಥಪಥಪ, ಆಮೇಲೆ ಬರೀ ಕಬ್ಬಿಣದ ಮಾತು.
ಬ್ರೇಕು ತುಳಿಯಹೊರಟ ನನ್ನ ಮೊಣಕಾಲಿನ ಮೇಲೆ
ಅತ್ತೆಯ ಕೈ ಬಿತ್ತು:
"ತುಳೀಬೇಡ. ಆಕ್ಸಿಲರೇಟರ್ ಬಿಡು. ತಾನಾಗಿ ನಿಲ್ಲಲಿ.
ಸ್ಟೀರಿಂಗ್ ಮಾತ್ರ ಗಟ್ಟಿಯಾಗಿ ಹಿಡಿ."

ಆರು ವರ್ಷದಲ್ಲಿ ಅವಳು ನನ್ನ ಜೊತೆ ಆಡಿದ
ಅತಿ ಉದ್ದದ ಮಾತು ಅದು.

ನಮ್ಮದು ಮೂವತ್ತು ದಾಟಿದ ಆಡಿ.
ಜರ್ಮನಿಯ ಯಾರೋ ಪಾದ್ರಿಯದಂತೆ,
ಚರ್ಚಿಗೆ ಬಿಟ್ಟು ಬೇರೆಲ್ಲೂ ಹೋಗಿಲ್ಲವಂತೆ.
ಅದು ನನ್ನ ಗಂಡ ಕುಬಾತ್ ಹೇಳುವ ಕತೆ,
ಮೀಟರಿನ ಅಂಕೆಯ ಹಾಗೆ ಅರ್ಧ ನಂಬಬೇಕು.

ಸ್ಟೆಪ್ನಿ ಇದ್ದದ್ದು ಎಲ್ಲದರ ಕೆಳಗೆ.
ತಲಾಸಿನ ಮದುವೆಗೆ ಒಯ್ಯುತ್ತಿದ್ದ ಕಂಬಳಿ,
ಬೋರ್ಸೋಕಿನ ಮೂಟೆ, ಮಗಳ ಹೊಸ ಬೂಟು,
ಮದುಮಗಳಿಗೆಂದು ಕೊಂಡ
ಅಕ್ರೋಟು ಮರದ ಲಟ್ಟಿಸುವ ಹಲಗೆ
ಒಂದೊಂದಾಗಿ ರಸ್ತೆ ಬದಿಗೆ ಬಂದವು,
ಸಂಸಾರವನ್ನೇ ಹರಾಜಿಗಿಟ್ಟ ಹಾಗೆ.
ಕೊನೆಗೆ ಸ್ಟೆಪ್ನಿ.
ಅತ್ತೆ ಹೆಬ್ಬೆರಳಲ್ಲಿ ಒತ್ತಿದಳು,
ಕಲಸಿಟ್ಟ ಹಿಟ್ಟಿನೊಳಗೆ ಇಳಿದಂತೆ ಇಳಿಯಿತು.

"ಯಾವಾಗ ನೋಡಿದ್ದೆ ಇದನ್ನ?"
"ಕುಬಾತ್ ನೋಡ್ತಾನೆ ಅಂತ..."
"ಓಡಿಸೋಳು ನೀನು."

ಗಾಳಿಯಲ್ಲಿ ಹಿಮದ ವಾಸನೆ. ಏಪ್ರಿಲ್.
ಎಲ್ದೋಸ್ ತಂದ ಎರಡು ಕಲ್ಲು ಮುಂದಿನ ಚಕ್ರಕ್ಕೆ ಆನಿಸಿ
ಅತ್ತೆ ಸ್ಪ್ಯಾನರು ನನ್ನ ಕೈಗಿಟ್ಟಳು.
"ನೆಲದಲ್ಲಿರುವಾಗಲೇ ಬೋಲ್ಟು ಸಡಿಲಿಸು.
ಎತ್ತಿದ ಮೇಲೆ ಕೈಹಾಕಿದರೆ ಚಕ್ರ ಸುತ್ತುತ್ತೆ,
ಸಡಿಲಾಗೋದು ನಿನ್ನ ಸೊಂಟ."
ನಾಲ್ಕು ಮಣಿದವು. ಐದನೆಯದು ತುಕ್ಕಿನ ಹಠಮಾರಿ.
ಅರವತ್ತೆಂಟರ ಹೆಂಗಸು, ನನ್ನ ಭುಜ ಹಿಡಿದು,
ಸ್ಪ್ಯಾನರಿನ ಮೇಲೆ ಹತ್ತಿ ನಿಂತು
ಒಮ್ಮೆ ಕುಪ್ಪಳಿಸಿದಳು.
ಕಿರ್ರ್ ಎಂದಿತು.

ನಮ್ಮ ಗೋಡೆಯ ಮೇಲೊಂದು ಫೋಟೋ ಇದೆ,
ಗೋಧಿ ತುಂಬಿದ ಜಿಲ್ ಲಾರಿಗೆ ಒರಗಿ ನಿಂತ ಹುಡುಗಿ.
ಫೋಟೋಕ್ಕೆಂದು ಯಾರದೋ ಲಾರಿಗೆ
ಒರಗಿದ್ದಾಳೆ ಎಂದುಕೊಂಡಿದ್ದೆ,
ಇಷ್ಟು ವರ್ಷ ಅದರ ಧೂಳು ಒರೆಸುತ್ತಾ.

ಜಾಕು ಕೆಸರಿಗೆ ಇಳಿಯುತ್ತಿತ್ತು,
ಎತ್ತಿದಷ್ಟೂ ತಾನೇ ಹೂತುಹೋಗುತ್ತಾ.
ಅತ್ತೆ ಹಿಂದಿರುಗಿ ನೋಡಿದಳು, ಹಲಗೆ ಎತ್ತಿಕೊಂಡಳು.
"ಅಯ್ಯೋ, ಅದು ಉಡುಗೊರೆ!"
"ಹಲಗೆ ಅಂದ್ಮೇಲೆ ಭಾರ ಹೊರಲಿ."

ಕಾರು ಎದ್ದಿತು. ಚಕ್ರ ಕಳಚಿತು.
ಹಾಕಲು ಮಾತ್ರ ಉಸಿರಿಲ್ಲದ ಸ್ಟೆಪ್ನಿ.
ಮಕ್ಕಳು ಕಂಬಳಿಯೊಳಗೆ, ನಾವಿಬ್ಬರು ಗಾಳಿಯಲ್ಲಿ,
ಒಂದು ಗಂಟೆ. ಇನ್ನೊಂದು ಅರ್ಧ.
ಕರಾ-ಕೆಚೆಯ ಕಲ್ಲಿದ್ದಲು ಹೊತ್ತ ಕಮಾಜ್ ಒಂದು
ತೇಕುತ್ತಾ ಬಂದು ತಾನಾಗಿ ನಿಂತಿತು.
ಚಾಲಕ ಹೆಸರು ಹೇಳಲಿಲ್ಲ, ಕೇಳಲೂ ಇಲ್ಲ.
ಲಾರಿಯ ಗಾಳಿ ತೊಟ್ಟಿಯಿಂದ ಕೊಳವೆ ಎಳೆದು
ನಮ್ಮ ಸ್ಟೆಪ್ನಿಯ ಬಾಯಿಗಿಟ್ಟ.
ಅದು ನಿಧಾನ ದುಂಡಗಾಯಿತು,
ಬೈಗುಳ ತಿಂದು ಸುಮ್ಮನಿದ್ದ ಮಗು
ಊಟಕ್ಕೆ ಕರೆದಾಗ ಕೆನ್ನೆ ಅರಳಿಸಿದ ಹಾಗೆ.

ದುಡ್ಡು ಬೇಡವೆಂದ. ಕೈಯೆಲ್ಲ ಮಸಿ.
ಅತ್ತೆ ಬೋರ್ಸೋಕು ತೆಗೆದು
ಅವನ ಬಾಯಿಗೇ ಇಟ್ಟಳು,
ಒಂದು, ಎರಡು, ಮೂರು,
ಸಾಕು ಎನ್ನಲೂ ಬಿಡದೆ.

ತಲಾಸಿನಲ್ಲಿ ಹಲಗೆ ತೊಳೆದು ಕೊಟ್ಟೆವು.
ನಡುವೆ ಜಾಕಿನ ಬುಡ ಒತ್ತಿದ
ಪಿಯಾಲೆಯ ತಳದಷ್ಟು ಗುಂಡಿ.
ಯಾರೂ ಏನೂ ಅನ್ನಲಿಲ್ಲ.

ಈಗ ಭಾನುವಾರದ ರೊಟ್ಟಿ ಮುಗಿದ ಮೇಲೆ
ಬಾನೆಟ್ ತೆರೆಯುತ್ತೇನೆ.
ಆಯಿಲಿನ ಕಡ್ಡಿ ಎಳೆದು, ಹಳೆ ಕಾಲುಚೀಲದಲ್ಲಿ ಒರೆಸಿ,
ಮತ್ತೆ ಅದ್ದಿ, ಕಿಟಕಿಯ ಕಡೆ ಎತ್ತಿ ಹಿಡಿಯುತ್ತೇನೆ.
ಗಾಜಿನಾಚೆ ಒಂದು ಗದ್ದ ತುಸು ಅಲ್ಲಾಡುತ್ತದೆ.
ಇಲ್ಲವೆ, ಅಲ್ಲಾಡುವುದಿಲ್ಲ.

ಮೊನ್ನೆ ಮದುಮಗಳ ಫೋನು:
ಗುಂಡಿಯಲ್ಲಿ ಹಿಟ್ಟು ಅಂಟಿ ಹಾಳೆ ಹರಿಯುತ್ತಂತೆ.
ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡಳು:
"ಅಲ್ಲಿಗೆ ಒಂದು ಹಿಡಿ ಹೆಚ್ಚು ಹಿಟ್ಟು ಉದುರಿಸು.
ಅದಿರಲಿ,
ನಿಮ್ಮ ಸ್ಟೆಪ್ನಿ ಒತ್ತಿ ನೋಡಿದೆಯಾ?"